ಮೂರು ಚಿಟಕಿ

ನಾನು ನಿಂತಿದ್ದುದು ಹೈದರಾಬಾದಿನ ಮಾದಾಪುರದ ನಮ್ಮ ಆಫೀಸು ಕಟ್ಟಡದ ಎರಡನೇ ಬೇಸ್‌ಮೆಂಟಿನಲ್ಲಿ, ಸ್ಕೂಟರ್ ನಿಲ್ಲಿಸುವ ಮೂಲೆಯಲ್ಲಿ, ಹಳದಿ ಪಟ್ಟಿ ಬಳಿದ ಮೂರನೇ ಕಂಬದಿಂದ ನಾಲ್ಕು ಹೆಜ್ಜೆ ಈಚೆಗೆ. ಬೋನಾಲು ಹಬ್ಬ ಮುಗಿದ ವಾರದ ಬುಧವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಮೂರೂವರೆಗೆ ನನಗೊಂದು ಮೀಟಿಂಗ್ ಇತ್ತು. ಗಾಡಿಯ ಡಿಕ್ಕಿಯಲ್ಲಿ ಮರೆತಿದ್ದ ಚಾರ್ಜರ್ ತರಲು ಇಳಿದವನು ಲಿಫ್ಟಿನಿಂದ ಹೊರಗೆ ಕಾಲಿಡುವಾಗ ವಾಚು ನೋಡಿಕೊಂಡಿದ್ದೆ.

ಅವರು ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಹೆಲ್ಮೆಟ್ಟು ಪಕ್ಕದಲ್ಲಿತ್ತು. ಬಿದ್ದಂತಿರಲಿಲ್ಲ, ಇಟ್ಟಂತಿತ್ತು. ಎಡಗೈ ಅಂಗಿಯ ಗುಂಡಿಗಳ ಮೇಲೆ, ಬಲಗೈಯಲ್ಲಿ ಫೋನು. ನನ್ನನ್ನು ಕಂಡು ಫೋನನ್ನು ನನ್ನ ಕಡೆ ತಿರುಗಿಸಿದರು. ಪರದೆಯ ಮೇಲೆ ಹಸಿರು ಟಿಕ್ ಇತ್ತು.

"ಹೋಗೇತಿ ತಮ್ಮಾ. ಬರಾಕತ್ತಾರ," ಎಂದರು.

ಹೋಗಿರಲಿಲ್ಲ. ಯಾರೂ ಬರುತ್ತಿರಲಿಲ್ಲ. ಅದು ಹೇಗೆಂದು ಹೇಳುವ ಮೊದಲು ಅವರು ಯಾರೆಂದು ಹೇಳಬೇಕು.

ಹೆಸರು ಬರೆಯುವುದಿಲ್ಲ, ಬೇಡ ಎಂದವರೊಬ್ಬರಿದ್ದಾರೆ. ಆಫೀಸಿನಲ್ಲಿ ಅವರು ಎಲ್ಲರಿಗೂ ಕಾಕಾ. ನಾನು ಸೇರಿದ ದಿನ 'ಸರ್' ಎಂದು ಕರೆದಾಗ, "ಸರ್ ಅಂದ್ರ ನಾ ಓ ಅನ್ನಂಗಿಲ್ಲ, ನನ್ನ ಹಿಂದ ಯಾರರ ನಿಂತಾರೇನೋ ಅಂತ ಹೊಳ್ಳಿ ನೋಡ್ತೀನಿ. ಕಾಕಾ ಅನ್ನು," ಎಂದಿದ್ದರು. ನಾನು ಹಾಗೆ ಕರೆಯುವುದನ್ನು ಕೇಳಿ ಕೇಳಿ ತೆಲುಗಿನ ಹುಡುಗರೂ ಕಾಕಾ ಎಂದರು, ಕೊನೆಗೆ ಮ್ಯಾನೇಜರ್ ಕೂಡ.

ಹುಟ್ಟಿದ್ದು ಮುದ್ದೇಬಿಹಾಳದ ಕಡೆ. ಅಪ್ಪ ಬೇಗಂ ಬಜಾರಿನ ಪಾತ್ರೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದುದರಿಂದ ಐದನೇ ವಯಸ್ಸಿನಿಂದ ಹೈದರಾಬಾದೇ. ಹಿಂದಿಯಲ್ಲಿ ಓದಿದರು, ತೆಲುಗಿನಲ್ಲಿ ಗೆಳೆಯರನ್ನು ಮಾಡಿಕೊಂಡರು, ಕನ್ನಡವನ್ನು ಮನೆಗೆಂದು ಉಳಿಸಿಕೊಂಡಿದ್ದರು. ನಮ್ಮ ಆಫೀಸಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು ದಾವಣಗೆರೆಯವನು. ನನ್ನ ಮಾತು ಅವರಿಗೆ ತಮಾಷೆ. "ನಿಂದು ಇಸ್ತ್ರಿ ಮಾಡಿದ ಕನ್ನಡ ತಮ್ಮಾ. ಒಂದ್ ಮಡಿಕಿ ಸೈತ ಇಲ್ಲ," ಎನ್ನುತ್ತಿದ್ದರು.

ಅವರ ಕೆಲಸವನ್ನು ಹೀಗೆ ಹೇಳಬಹುದು. ಫೋನಿನಲ್ಲಿ ಬಟನ್ ಒತ್ತಿದರೆ ಅದು ಒಂದಿಷ್ಟು ಒಳಗೆ ಹೋಗಿ ಹೊರಗೆ ಬರುತ್ತದೆ. ಪಟ್ಟಿಯೊಂದು ಕೆಳಗಿನಿಂದ ಜಾರಿ ಮೇಲೆ ಬರುತ್ತದೆ. ಕಳುಹಿಸಿದ್ದು ತಲುಪುವವರೆಗೆ ಸಣ್ಣ ಉಂಗುರವೊಂದು ಸುತ್ತುತ್ತದೆ. ನೋಡುವವರು ಇವನ್ನು ನೋಡಿದೆವು ಎಂದುಕೊಳ್ಳುವುದೇ ಇಲ್ಲ. ಅಂಥ ಚಲನೆಗಳನ್ನು ಬರೆಯುವವರು ಕಾಕಾ. ಬರೆದು ತೋರಿಸುತ್ತಿದ್ದರು, ನಾನು ಅದನ್ನು ಕೋಡಿಗೆ ಇಳಿಸುತ್ತಿದ್ದೆ. ನಾಲ್ಕು ವರ್ಷ ನಮ್ಮ ಕುರ್ಚಿಗಳು ಅಕ್ಕಪಕ್ಕದಲ್ಲಿದ್ದವು.

ಅದಕ್ಕೂ ಮೊದಲು ಇಪ್ಪತ್ತು ವರ್ಷ ಅವರು ಕಾರ್ಟೂನ್ ಸ್ಟುಡಿಯೋ ಒಂದರಲ್ಲಿದ್ದರು. ಅಲ್ಲಿ ದೊಡ್ಡ ಕಲಾವಿದರು ಕೈ ಎತ್ತಿದ ಕರಡಿಯನ್ನೂ ಕೈ ಇಳಿಸಿದ ಕರಡಿಯನ್ನೂ ಬರೆದು ಎದ್ದುಹೋಗುತ್ತಿದ್ದರಂತೆ. ಕೈ ಮೇಲಿನಿಂದ ಕೆಳಗಿಳಿಯುವ ನಡುವಿನ ಕರಡಿಗಳನ್ನೆಲ್ಲ ಬರೆಯುತ್ತಿದ್ದವರು ಇವರು. "ನಾ ನಡುವಿನಾಂವ. ನನ್ನ ಕರಡಿ ಯಾರಿಗೂ ನೆನಪಿರಂಗಿಲ್ಲ. ಆದ್ರ ನಾ ಇಲ್ಲಂದ್ರ ಕೈ ಕೆಳಗ ಇಳಿಯಂಗಿಲ್ಲ," ಎನ್ನುತ್ತಿದ್ದರು. ಸ್ಟುಡಿಯೋ ಮುಚ್ಚಿದಾಗ ಅವರಿಗೆ ಐವತ್ತು ದಾಟಿತ್ತು. ನಮ್ಮಲ್ಲಿಗೆ ಬಂದಾಗ ಸಂದರ್ಶನ ಮಾಡಿದ ಹುಡುಗ ಅವರ ಮಗನ ವಯಸ್ಸಿನವನು ಎಂದು ನಗುತ್ತಾ ಹೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ನನಗೆ ಸಿಕ್ಕ ಮೊದಲ ಪಾಠ ಆಫೀಸಿನ ಗಾಜಿನ ಬಾಗಿಲಿನದು. ಬಾಗಿಲನ್ನು ತೆರೆದು ಬಿಡು ಎಂದರು. ಬಿಟ್ಟೆ. ಅದು ಜೋರಾಗಿ ಬಂದು, ಚೌಕಟ್ಟಿಗೆ ಒಂದು ಗೇಣು ಇರುವಾಗ ತಡೆದು, ಸದ್ದಿಲ್ಲದೆ ಮುಚ್ಚಿಕೊಂಡಿತು.

"ನೋಡಿದಿ? ಬಾಗಿಲಕ್ಕ ಬುದ್ಧಿ ಐತಿ. ಮೊದಲ ಅವಸರ, ಕಡೀಕ ಸಾವಕಾಶ. ನಿಮ್ಮ ಪಟ್ಟಿ ಹೆಂಗ ಬರ್ತೈತಿ? ಬಸ್ಸಿನ ಬಾಗಲಾ ಬಡದಂಗ."

ಇನ್ನೊಂದು ಪಾಠಕ್ಕಾಗಿ ಕೋಠಿ ಪೇಟೆಗೆ ಕರೆದುಕೊಂಡು ಹೋದರು. ಅವರ ಮನೆ ಅಲ್ಲೇ ಹಿಂದಿನ ಗಲ್ಲಿಯಲ್ಲಿ. ಬಟ್ಟೆ ಅಂಗಡಿಯಲ್ಲಿ ಕೂತು ಸೀರೆ ಬಿಚ್ಚಿಸಿದರು. ಅಂಗಡಿಯವನು ಮಡಿಕೆಯನ್ನು ಹಿಡಿದು ಗಾಳಿಗೆ ಎಸೆಯುತ್ತಾನೆ, ಸೀರೆ ನಮ್ಮ ಮುಂದೆ ಬಂದು ಹರಡಿಕೊಳ್ಳುತ್ತದೆ, ಅಂಚು ಮಾತ್ರ ಕೊನೆಯಲ್ಲಿ ಒಮ್ಮೆ ಎದ್ದು ಮಲಗುತ್ತದೆ. ಕಾಕಾ ಆ ಅಂಚನ್ನೇ ನೋಡುತ್ತಿದ್ದರು. ಇನ್ನೊಂದು, ಇನ್ನೊಂದು ಎಂದು ಬಿಚ್ಚಿಸುತ್ತಲೇ ಹೋದರು. ಆರನೆಯದಕ್ಕೆ ಅಂಗಡಿಯವನ ತಾಳ್ಮೆ ತಪ್ಪಿತು, ಕೊಳ್ಳದಿದ್ದರೆ ಯಾಕೆ ಬಿಚ್ಚಿಸುತ್ತೀರಿ ಎಂದ.

"ಲೇನಾ ನೈ ತೊ ಕಾಯ್ಕು ಖುಲ್ವಾ ರೈ ಸಾಬ್?"

"ಲೇತುಂ ಬಾಬಾ, ಲೇತುಂ. ಏಕ್ ಬಾರ್ ಔರ್ ಫೇಂಕೊ," ಎಂದರು ಕಾಕಾ. ಕೊಳ್ಳುತ್ತೇನಪ್ಪಾ, ಇನ್ನೊಮ್ಮೆ ಎಸೆ. ಕೊನೆಗೆ ಒಂದು ಟವೆಲ್ ಕೊಂಡು ಹೊರಬಿದ್ದೆವು. ಅಂಗಡಿಯವನು ಹಿಂದಿನಿಂದ ಏನೋ ಹೇಳಿದ, ಕಾಕಾ ನಗುತ್ತಾ, "ಬೈಯ್ಯಾಕತ್ತಾನ, ಬೈಲಿ. ಅಂಚ ಸಿಕ್ತಲ್ಲ," ಎಂದರು. ನಮ್ಮ ಆಪ್‌ನಲ್ಲಿ ಪಟ್ಟಿ ತೆರೆದಾಗ ಮೇಲಿನ ಅಂಚು ಕೂದಲೆಳೆಯಷ್ಟು ಎದ್ದು ಮಲಗುತ್ತಿತ್ತು. ಅದು ಆ ಸೀರೆಯದು.

ತಪ್ಪು ಪಾಸ್‌ವರ್ಡ್ ಕೊಟ್ಟರೆ ಚೌಕ ನಡುಗಬೇಕಿತ್ತು. ನಾನು ಮಾಡಿದ್ದು ಗಡಗಡ ನಡುಗಿತು. ಅವರು ಅದನ್ನು ನೋಡಿ ಮುಖ ಸಿಂಡರಿಸಿದರು. "ಇದು ಬೈತೈತಲ್ಲೋ. ಬೈಬಾರ್ದು, ಬ್ಯಾಡ ಅನಬೇಕು." ಊಟದಲ್ಲಿ ಇನ್ನೊಂದು ರೊಟ್ಟಿ ಹಾಕಲು ಹೋದರೆ ಅವರ ತಾಯಿ ಹೇಗೆ ತಲೆಯಾಡಿಸುತ್ತಿದ್ದರೋ ಹಾಗೆ ಮಾಡಿ ತೋರಿಸಿದರು: ಅಗಲವಾಗಿ ಒಮ್ಮೆ, ಸಣ್ಣದಾಗಿ ಎರಡು ಸಲ. ಅದನ್ನೇ ಇಟ್ಟೆವು.

ಹುಡುಗರಿಗೆ ಎಲ್ಲ ಕಡೆಯೂ ಬಣ್ಣದ ಚೂರುಗಳು ಸುರಿಯಬೇಕು, ನಕ್ಷತ್ರ ಹಾರಬೇಕು. ಪಾರ್ಕಿಂಗ್ ಜಾಗ ಸಿಕ್ಕಾಗ ಕಾಗದದ ಹೂ ಉದುರಿಸೋಣ ಎಂದು ಒಬ್ಬ ಹೇಳಿದಾಗ ಕಾಕಾ ಗಂಭೀರವಾಗಿ ಕೇಳಿದರು: "ಗಾಡಿ ನಿಲ್ಲಿಸಾಕ ಬಂದಾರೋ, ಲಗ್ನಕ್ಕ ಬಂದಾರೋ?"

ಅವರ ಅಳತೆ ಚಿಟಕಿ. ಹೆಬ್ಬೆರಳು, ನಡುಬೆರಳು ತಾಗಿಸಿ ಹೊಡೆಯುವ ಚಿಟಕಿ. "ಪಟ್ಟಿ ಒಂದ್ ಚಿಟಕ್ಯಾಗ ಬರಲಿ, ಹೋಗೋದು ಅರ್ಧ ಚಿಟಕಿ ಸಾಕು." ನಮಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕ ಬೇಕು. ಒಂದು ದಿನ ಹತ್ತು ಚಿಟಕಿ ಹೊಡೆಸಿ ಫೋನಿನಲ್ಲಿ ಅಳೆದೆ: ಮೂರು ಸೆಕೆಂಡು. ಮತ್ತೆ ಹೊಡೆಸಿದೆ: ಮತ್ತೆ ಮೂರು. ಅಂದಿನಿಂದ ನಮ್ಮ ಕೋಡಿನಲ್ಲಿ ಚಿಟಕಿ ಎಂಬ ಹೆಸರಿನ ಅಳತೆಯೇ ಆಯಿತು. ಎಲ್ಲೆಲ್ಲಿ ಕಾಲ ಬೇಕೋ ಅಲ್ಲೆಲ್ಲ ಒಂದು ಚಿಟಕಿ, ಎರಡು ಚಿಟಕಿ ಎಂದು ಬರೆಯುತ್ತಿದ್ದೆವು. ಕನ್ನಡ ಬಾರದ ಹುಡುಗರೂ ಅದನ್ನೇ ಬರೆಯುತ್ತಿದ್ದರು. ಆ ಪದ ಅವರದು ಎಂದು ಎಲ್ಲರಿಗೂ ಗೊತ್ತಿತ್ತು. ಇದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದೆ ಅವರ ಮೇಲೆ ಬಂದ ಮಾತು ಈ ಪದದಿಂದಲೇ ಬಂತು.

ಆಗ ನಾವು ಮಾಡುತ್ತಿದ್ದುದು ನಾವಿದ್ದ ಕಟ್ಟಡದ್ದೇ ಆಪ್. ಪಾರ್ಕಿಂಗ್, ಅತಿಥಿಗಳ ಪಾಸು, ಕ್ಯಾಂಟೀನು, ಎಲ್ಲವೂ ಅದರಲ್ಲೇ. ಅದರಲ್ಲೊಂದು ಕೆಂಪು ಬಟನ್. ಯಾರಿಗಾದರೂ ಮೈ ಸರಿಯಿಲ್ಲವೆಂದರೆ ಅದನ್ನು ಒತ್ತಬೇಕು. ನೆಲಮಹಡಿಯ ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆ ಹೋಗುತ್ತದೆ, ಅಲ್ಲಿನ ನರ್ಸ್ 'ಬರುತ್ತಿದ್ದೇವೆ' ಎಂದು ಒತ್ತಿದರೆ ಉತ್ತರ ಬರುತ್ತದೆ, ಇಲ್ಲಿ ಹಸಿರು ಟಿಕ್ ಕಾಣುತ್ತದೆ.

ಆ ಟಿಕ್ ಬರೆಯಲು ಕಾಕಾ ಎರಡು ವಾರ ತೆಗೆದುಕೊಂಡರು. ಮಹಡಿಯಲ್ಲಿದ್ದ ಎಲ್ಲರ ಕೈಗೂ ಪೆನ್ನು ಕೊಟ್ಟು ಹಾಳೆಯ ಮೇಲೆ ಟಿಕ್ ಹಾಕಿಸಿಕೊಂಡರು. ಕಸ ಗುಡಿಸುವ ಯಾದಮ್ಮ ಹಿಂದೆ ಸರಿದು, "ನಾಕು ರಾಯನೀಕಿ ರಾದು ಸಾರ್," ಎಂದರು, ಬರೆಯಲು ಬರುವುದಿಲ್ಲವೆಂದು. "ಇದಿ ರಾಯಡಂ ಕಾದಮ್ಮಾ, ಸರೇ ಅನಡಂ," ಎಂದರು ಕಾಕಾ. ಇದು ಬರೆಯುವುದಲ್ಲ, ಸರಿ ಅನ್ನುವುದು. ಯಾದಮ್ಮ ಬಾಗಿ ಒಂದು ಗೆರೆ ಎಳೆದರು. ಕಾಕಾ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ನೋಡು, ಮೊದಲ ಸ್ವಲ್ಪ ಹಿಂಜರದಾಳ. ಆಮ್ಯಾಲ ಎಳದಾಳ. ಟಿಕ್ ಅಂದ್ರ ಹಂಗಿರಬೇಕು." ಅವರು ಬರೆದ ಟಿಕ್ ಹಾಗೆಯೇ ಇತ್ತು. ಕೆಳಗೆ ಇಳಿಯುವಾಗ ಕ್ಷಣ ತಡೆದು, ಮೇಲೆ ಹೋಗುವಾಗ ಬಿಡುಗಡೆಯಾದಂತೆ ಹೋಗುತ್ತಿತ್ತು. ಅದನ್ನು ನೋಡಿದರೆ ಎದೆ ಹಗುರವಾಗುತ್ತಿತ್ತು.

ಆದರೆ ಆ ಟಿಕ್ಕಿಗೆ ಅವರದೊಂದು ಕಟ್ಟಳೆ ಇತ್ತು. ಉತ್ತರ ಬರುವವರೆಗೆ ಉಂಗುರ ಸುತ್ತುತ್ತಲೇ ಇರಬೇಕು. ಉತ್ತರ ಬಂದರೆ ಮಾತ್ರ ಉಂಗುರ ಮುಚ್ಚಿ ಟಿಕ್ ಬರಬೇಕು. ಬಾರದಿದ್ದರೆ ಉಂಗುರ ಅರ್ಧಕ್ಕೆ ತೆರೆದು ನಿಲ್ಲಬೇಕು, ಫೋನು ಒಮ್ಮೆ ಗುರ್ ಎನ್ನಬೇಕು, ಕೆಳಗೆ ಬರಬೇಕು: 'ಹೋಗಲಿಲ್ಲ. ಯಾರನ್ನಾದರೂ ಕೂಗಿ ಕರೆಯಿರಿ.'

ಪರೀಕ್ಷೆ ಮಾಡುವ ಕೆಲಸ ಪ್ರಣೀತಾಳದು. ಅವಳನ್ನು ಕರೆದುಕೊಂಡು ಕಾಕಾ ಸಿಗ್ನಲ್ ಸಿಗದ ಎರಡನೇ ಬೇಸ್‌ಮೆಂಟಿಗೇ ಇಳಿದು ಬಟನ್ ಒತ್ತಿ ನೋಡಿದರು. ಉಂಗುರ ಅರ್ಧಕ್ಕೆ ನಿಂತಿತು, ಮಾತು ಬಂತು. ಇಬ್ಬರೂ ಖುಷಿಯಾಗಿ ಮೇಲೆ ಬಂದರು. ಮ್ಯಾನೇಜರ್ ಮಾತ್ರ ಆ ಸಾಲು ಓದಿ ನಕ್ಕರು. "ಯೂಸರ್ ಕೋ ಚಿಲ್ಲಾನೇ ಬೋಲೇಗಾ ಕ್ಯಾ ಹಮಾರಾ ಆಪ್, ಕಾಕಾ?" ಆಪ್ ಬಂದು ಕೂಗು ಎಂದು ಹೇಳುವುದೇ ಎಂದು ನಾವೂ ನಕ್ಕೆವು. ನಾನೂ ನಕ್ಕೆ.

ಕ್ಲೈಂಟ್ ಮುಂದೆ ತೋರಿಸುವ ದಿನ ಬೆಳಗ್ಗೆ ನೆಟ್‌ವರ್ಕ್ ಎಳೆಯುತ್ತಿತ್ತು. ಒಮ್ಮೆ ಒತ್ತಿ ನೋಡಿದರೆ ಉಂಗುರ ಸುತ್ತುತ್ತಲೇ ಇತ್ತು. ಮ್ಯಾನೇಜರ್ ಕೆಟ್ಟವರಲ್ಲ, ಅವರಿಗೆ ಆ ದಿನ ದಾಟಬೇಕಿತ್ತು. ಟಿಕ್ ಬೇಗ ತೋರಿಸಿಬಿಡಿ, ಕರೆ ಹಿಂದಿನಿಂದ ಹೋಗುತ್ತದೆ, ಎಲ್ಲ ಆಪ್‌ಗಳೂ ಹಾಗೇ ಮಾಡುತ್ತವೆ ಎಂದರು. ಆ ಮಾತು ಸುಳ್ಳೂ ಅಲ್ಲ. ಫೋಟೋಗೆ ಲೈಕ್ ಒತ್ತಿದರೆ ಅದು ತಲುಪುವ ಮೊದಲೇ ಹೃದಯ ಕೆಂಪಾಗುತ್ತದೆ.

"ಲೈಕ್ ಬ್ಯಾರೇ, ಇದು ಬ್ಯಾರೇ," ಎಂದು ಕಾಕಾ ನನಗೆ ಕನ್ನಡದಲ್ಲಿ ಹೇಳಿದರು. ಆಮೇಲೆ ಹಿಂದಿಯಲ್ಲಿ ಮ್ಯಾನೇಜರಿಗೆ ಹೇಳಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮತ್ತೆ ನನ್ನ ಕಡೆ ತಿರುಗಿದರು. "ಉತ್ತರ ಬರೂತನಕ ಸರಿ ಅನಬಾರ್ದು. ನಾ ಅಂತೂ ಮಾಡಂಗಿಲ್ಲ."

ಅವರು ಮಾಡಲಿಲ್ಲ. ನಾನು ಮಾಡಿದೆ. ಮ್ಯಾನೇಜರ್ ನನ್ನ ಮುಖ ನೋಡಿದರು, ನಾನು ಒಂದು ಸಾಲು ಬರೆದೆ. ಉತ್ತರ ಬರಲಿ ಬಿಡಲಿ, ಒತ್ತಿ ಮೂರು ಚಿಟಕಿಯಾದ ಮೇಲೆ ಟಿಕ್ ತೋರಿಸು. ಮೂರು ಚಿಟಕಿ ಎಂದರೆ ಒಂದು ಸೆಕೆಂಡೂ ಆಗುವುದಿಲ್ಲ. ಅಂದಿನ ಮಟ್ಟಿಗೆ ಎಂದುಕೊಂಡೇ ಬರೆದೆ. ಡೆಮೊ ಚೆನ್ನಾಗಿ ಆಯಿತು. ಎಲ್ಲರೂ ಬಿರಿಯಾನಿ ತಿಂದೆವು. ಕಾಕಾ ಡಬ್ಬಿಯ ಚಪಾತಿ ತಿಂದರು, ಆದರೆ ನಮ್ಮ ಜೊತೆಗೇ ಕೂತು ತಿಂದರು.

ಮಾರನೆಯ ಸಂಜೆ ಅವರು ಮನೆಗೆ ಹೊರಟವರು ನನ್ನ ಕುರ್ಚಿಯ ಹಿಂದೆ ನಿಂತರು. ನಾನು ಬೇರೆ ಏನೋ ಕೆಲಸದಲ್ಲಿದ್ದೆ.

"ಆ ಮೂರ್ ಚಿಟಕಿ ಸಾಲು, ತಮ್ಮಾ?"

"ಆಯ್ತು ಕಾಕಾ," ಎಂದೆ. ತಲೆ ಎತ್ತಲಿಲ್ಲ.

ನಾನು ಹೇಳಿದ್ದು, ಆಗಲಿ, ತೆಗೆಯುತ್ತೇನೆ ಎಂದು. ಅವರು ಕೇಳಿಸಿಕೊಂಡಿದ್ದು, ತೆಗೆದದ್ದಾಯಿತು ಎಂದು. ನಮ್ಮ ಭಾಷೆಯಲ್ಲಿ ಒಪ್ಪಿಕೊಂಡದ್ದಕ್ಕೂ ಮುಗಿಸಿದ್ದಕ್ಕೂ ಒಂದೇ ಮಾತು. ತೆಲುಗಿನಲ್ಲಿ ಕೇಳಿದ್ದರೆ 'ಸರೇ' ಎನ್ನುತ್ತಿದ್ದೆ, ಅವರು ನಾಳೆ ಮತ್ತೆ ಕೇಳುತ್ತಿದ್ದರು. ಕನ್ನಡದಲ್ಲಿ ಕೇಳಿದರು. ನನ್ನ ಭುಜ ಮುಟ್ಟಿ ಹೋದರು. ಮತ್ತೆಂದೂ ಕೇಳಲಿಲ್ಲ. ಅವರು ಕೇಳದ್ದರಿಂದ ನನಗೂ ನೆನಪಾಗಲಿಲ್ಲ. ಆ ಸಾಲು ಉಳಿಯಿತು. ಆಪ್ ಎಲ್ಲರ ಫೋನಿಗೂ ಹೋಯಿತು, ಅವರ ಫೋನಿಗೂ.

ಪ್ರಣೀತಾ ಬೇಸ್‌ಮೆಂಟಿನಲ್ಲಿ ಇನ್ನೊಮ್ಮೆ ಪರೀಕ್ಷಿಸಲಿಲ್ಲವೇ ಎಂದು ಕೇಳಬಹುದು. ಅವಳು ಒಮ್ಮೆ ಪರೀಕ್ಷಿಸಿ ಸರಿ ಎಂದಿದ್ದಳು. ಅದಾದ ಮೇಲೆ ಏನೂ ಬದಲಾಗಿಲ್ಲ ಎಂದು ಅವಳಿಗೆ ಹೇಳಿದ್ದು ಕೂಡ ನಾನೇ.

ಆ ಬುಧವಾರ ಊಟವಾದ ಮೇಲೆ ಕಾಕಾ, "ಗ್ಯಾಸ್ ಆಗೇತಿ, ಮನಿಗೆ ಹೋಕ್ಕೀನಿ," ಎಂದು ಎದ್ದಿದ್ದರು. ಮುಖ ಬೆವರಿತ್ತು. ನಾನು ಆಟೋ ಹಿಡಿಯಿರಿ ಎಂದೆ. "ಆಟೋದಾಂವ ಕೋಠಿ ಅಂದ್ರ ಮಾರಿ ತಿರವತಾನ," ಎಂದು ಹೆಲ್ಮೆಟ್ಟು ತೆಗೆದುಕೊಂಡು ಹೋದರು.

ಈಗ ಬೇಸ್‌ಮೆಂಟಿನ ಮಾತು. ಟಿಕ್ಕಿನ ಕೆಳಗೆ ಒತ್ತಿದ ಸಮಯ ಇರುತ್ತದೆ. ಮೂರು ಗಂಟೆ ನಾಲ್ಕು ನಿಮಿಷ ಎಂದಿತ್ತು. ನಾನು ಬರುವ ಮೊದಲೇ ಅವರು ಆರು ನಿಮಿಷ ಕಾದಿದ್ದರು. ಯಾದಮ್ಮ ಆಗಲೇ ಅಲ್ಲಿದ್ದರು, ಕೈಯಲ್ಲಿ ಉದ್ದ ಕೋಲಿನ ಮಾಪು ಹಿಡಿದು. ಅವರು ಏನಾಯಿತೆಂದು ಕೇಳಿದ್ದಕ್ಕೆ ಕಾಕಾ ಫೋನು ತೋರಿಸಿ, "ವಸ್ತುನ್ನಾರಮ್ಮಾ," ಎಂದಿದ್ದರಂತೆ. ಬರುತ್ತಿದ್ದಾರೆ.

ನಾನು ಟಿಕ್ ನೋಡಿದೆ. ಆ ಸಾಲು ಬರೆದವನು ನಾನು. ಆ ಟಿಕ್ಕಿಗೆ ಅರ್ಥವಿಲ್ಲವೆಂದು ಆ ಕಟ್ಟಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಾದವನು ನಾನು. ಆದರೂ ಅದನ್ನು ಕಂಡು ನನಗೆ ಸಮಾಧಾನವಾಯಿತು. ಮರೆತಿದ್ದೆನೇ ಎಂದರೆ ಇಲ್ಲ, ನೆನಪಾಗಲಿಲ್ಲ. ಇವೆರಡೂ ಬೇರೆ ಎಂದು ನಾನು ವಾದಿಸುತ್ತಿಲ್ಲ. ನಾನು ಅವರ ಪಕ್ಕದಲ್ಲಿ ಕೂತೆ.

"ನೀರು ತರಲಾ ಕಾಕಾ?"

"ಬ್ಯಾಡ. ಕೂಡ್ರು. ಅವರು ಬಂದ್ರ ಎಲ್ಲಿ ಅಂತ ಕೈ ಮಾಡು."

ಕೂತೆ. ಲಿಫ್ಟಿನ ಕಡೆ ನೋಡುತ್ತಾ ಕೂತೆ. ಅವರು ಒಮ್ಮೆ, "ಭಾಳ ಸೆಕಿ ಐತಿ," ಎಂದರು. ಹೆಲ್ಮೆಟ್ಟಿನ ಪಟ್ಟಿಯಿಂದ ಗಾಳಿ ಹಾಕಲು ನೋಡಿದೆ. ಅದು ಎಂಥ ಕೆಲಸ ಎಂದು ಈಗ ಅನ್ನಿಸುತ್ತದೆ. ಯಾದಮ್ಮ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದರು. ಕೊನೆಗೆ ಸಂಕೋಚದಿಂದ ಕೇಳಿದರು.

"ಈಡ ಸಿಗ್ನಲ್ ರಾದು ಕದಾ ಸಾರ್. ಆ ಫೋನೆಟ್ಲ ಪೋಯಿಂದಿ?"

ಇಲ್ಲಿ ಸಿಗ್ನಲ್ ಬರುವುದಿಲ್ಲವಲ್ಲ, ಅದು ಹೇಗೆ ಹೋಯಿತು.

ಆಗ ನೆನಪಾಯಿತು. ವಾಚು ನೋಡಿದೆ, ಮೂರು ಹದಿನಾಲ್ಕು. ಕಾಕಾ ನನ್ನ ಮುಖ ನೋಡಿದರು. ಅವರಿಗೆ ನನ್ನ ಮುಖದಲ್ಲಿ ಏನಾದರೂ ಕಂಡಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕಂಡಿತು ಎಂದು ಹೇಳುವುದು ಸುಲಭ, ಕಾಣಲಿಲ್ಲ ಎನ್ನುವುದು ಇನ್ನೂ ಸುಲಭ. ನಾನು ಎದ್ದು ಇಳಿಜಾರು ಹತ್ತಿ ಓಡಿದೆ. ಇಳಿಜಾರಿನ ತಿರುವಿನಲ್ಲೇ ಸಲೀಂ ಭಾಯಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಕಟ್ಟಡದ ವಾಚ್‌ಮನ್. ಆ ಕಂಬದಿಂದ ನಲವತ್ತು ಹೆಜ್ಜೆ ದೂರ, ಆಮೇಲೆ ಎಣಿಸಿದ್ದೇನೆ. ಅವರ ವಾಕಿಟಾಕಿಯಲ್ಲಿ ಎರಡು ಮಾತು ಹೋಯಿತು, ಪ್ರಥಮ ಚಿಕಿತ್ಸೆಯವರು ಮೂರೇ ನಿಮಿಷದಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಆಪ್‌ನಿಂದ ಅವರಿಗೆ ಯಾವ ಕರೆಯೂ ಬಂದಿರಲಿಲ್ಲ.

ಅಷ್ಟು ಹೊತ್ತಿಗೆ ಕಾಕಾ ಮಾತು ನಿಲ್ಲಿಸಿದ್ದರು. ಆಂಬುಲೆನ್ಸಿನಲ್ಲಿ ನಾನಿದ್ದೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಬೇಗ ಬಂದಿದ್ದರೆ ಎಂದು ವೈದ್ಯರನ್ನು ಕೇಳಿದೆ. ಹೇಳಲಾಗದು ಎಂದರು. ಆ ಮಾತನ್ನು ಅವರು ಕರುಣೆಯಿಂದ ಹೇಳಿದರೆಂದು ನನಗೆ ಅರ್ಥವಾಯಿತು.

ಸಲೀಂ ಭಾಯಿ ಒಂದು ವಾರ ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು ಹೇಳಿದರು. "ಮೈ ತೊ ಯಹೀಂಚ್ ಥಾ ಸಾಬ್. ಏಕ್ ಆವಾಜ್ ದೇತೆ ತೊ ಆ ಜಾತಾ." ಇಲ್ಲೇ ಇದ್ದೆ, ಒಂದು ಸಲ ಕೂಗಿದ್ದರೆ ಬರುತ್ತಿದ್ದೆ. ಕಾಕಾ ಕೂಗಲಿಲ್ಲ. ಬರುತ್ತಿದ್ದಾರೆ ಎಂದು ಗೊತ್ತಿದ್ದವರು ಯಾಕೆ ಕೂಗುತ್ತಾರೆ?

ಎರಡನೇ ವಾರ ಆಫೀಸಿನಲ್ಲಿ ಮೀಟಿಂಗ್ ಕರೆದರು. ಮ್ಯಾನೇಜರ್ ಆ ಸಾಲನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ಮೂರು ಚಿಟಕಿ. ಯಾರೋ ಮೆಲ್ಲಗೆ ತೆಲುಗಿನಲ್ಲಿ, ಅಯ್ಯೋ, ಕಾಕಾನ ಪದ, ಅವರೇ ಬರೆದ ಸಾಲು, ಎಂದರು. ಮ್ಯಾನೇಜರ್ ಇಲ್ಲ ಎನ್ನಲಿಲ್ಲ, ಹೌದು ಎಂದೂ ಹೇಳಲಿಲ್ಲ. ಹೋದವರ ಬಗ್ಗೆ ಚರ್ಚೆ ಬೇಡ ಎಂದರು. ಯಾವ ಸಾಲನ್ನು ಯಾರು ಬರೆದರೆಂದು ತೆಗೆದು ನೋಡುವುದು ನಮ್ಮಲ್ಲಿ ಒಂದು ನಿಮಿಷದ ಕೆಲಸ. ಆ ದಿನ ಯಾರೂ ನೋಡಲಿಲ್ಲ. ನೋಡಿ ಎಂದು ನಾನು ಹೇಳಲಿಲ್ಲ. ನನ್ನ ಎದುರಿಗೆ ಕೂತಿದ್ದ ಪ್ರಣೀತಾ ನನ್ನ ಮುಖವನ್ನೇ ನೋಡುತ್ತಿದ್ದಳು. ವರದಿಯಲ್ಲಿ, ಚಲನೆಯ ಸಮಯವನ್ನು ದಿವಂಗತ ಸಹೋದ್ಯೋಗಿ ನಿಗದಿಪಡಿಸಿದ್ದರು ಎಂದು ಬರೆದರು. ಅಂದೇ ಆ ಸಾಲನ್ನು ತೆಗೆದರು.

ತಿಂಗಳಾದ ಮೇಲೆ ಕೋಠಿಯ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತೇನೆ. ಚಹಾ ಕೊಟ್ಟರು. ನಾನು ಕುಡಿದು ಮುಗಿಸಿದ ಮೇಲೆ ಲೋಟ ತೆಗೆದುಕೊಂಡು ಕೇಳಿದರು.

"ನಿಮ್ಮ ಆಫೀಸಿನಾವ್ರು ಬಂದಿದ್ರು. ಅವರು ಮಾಡಿದ್ದ ಅವರಿಗೆ ಕೈ ಕೊಟ್ಟೈತಿ ಅಂದ್ರು. ಖರೇನೇನ್ರಿ? ಒಂದ್ ಗೆರಿ ಸೊಟ್ಟ ಬಂದ್ರ ಊಟ ಬಿಡೋ ಮನಷ್ಯಾ, ಸುಳ್ಳ ಟಿಕ್ ಮಾಡಿದ್ರಾ?"

"ಇಲ್ಲ ಕಾಕು. ಅದನ್ನು ಬರೆದವನು ನಾನು." ಡೆಮೊ, ಬಿರಿಯಾನಿ, ಮೂರು ಚಿಟಕಿ, ಆಯ್ತು ಎಂದದ್ದು, ಎಲ್ಲವನ್ನೂ ಹೇಳಿದೆ. ಹೇಳುವಾಗ ಅವರು ನನ್ನ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

"ನೀವ ತಗದಿಲ್ಲ ಅಂತ ಅವರಿಗೆ ಗೊತ್ತಿತ್ತೇನು?"

"ಇಲ್ಲ. ತೆಗೆದಿದ್ದೇನೆ ಅಂತಲೇ ಅಂದುಕೊಂಡಿದ್ದರು."

"ಹಂಗಾರ ನಿಮ್ಮ ಮಾತಿನ ಮ್ಯಾಲ ಕುಂತಿದ್ರು."

ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ನಾನು ತಲೆ ತಗ್ಗಿಸಿ ಅತ್ತೆ. ಅವರು ಅಳಲು ಬಿಟ್ಟರು. ಸಮಾಧಾನ ಹೇಳಲಿಲ್ಲ.

"ಇದನ್ನ ನನಗ ಹೇಳಿದ್ರ ಏನ್ ಬಂತ್ರಿ? ನನಗ ಮೊದಲ ಗೊತ್ತಿತ್ತು, ಅವರು ಹಂಗ ಮಾಡಾವ್ರಲ್ಲ. ಎಲ್ಲಿ ಅವರ ಮಾನ ಕೆಡಿಸ್ಯಾರ ಅಲ್ಲಿ ಹೇಳ್ರಿ. ಹೆಸರ ಮಾತ್ರ ಹಾಕಬ್ಯಾಡ್ರಿ, ನಾಚ್ಕೋತಿದ್ರು. ಗೊತ್ತಿದ್ದವ್ರಿಗೆ ಗೊತ್ತಾಕ್ಕೈತಿ."

ಆಫೀಸಿಗೆ ಬರೆದುಕೊಟ್ಟೆ. ವಿಷಯ ಮುಗಿದಿದೆ, ವರದಿ ತಿದ್ದುವ ಪದ್ಧತಿ ಇಲ್ಲ ಎಂಬ ಉತ್ತರ ಬಂತು. ನಾನೀಗ ಅಲ್ಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಆ ಸಾಲು ನನ್ನದು. ಅವರು ಬೇಡವೆಂದಿದ್ದರು. ಅವರು ಮಾಡಿದ್ದು ಸರಿಯಾಗಿತ್ತು, ಅದೇ ಬೇಸ್‌ಮೆಂಟಿನಲ್ಲಿ ಕೆಲಸ ಮಾಡಿತ್ತು.

ಕಂಡವರಿದ್ದಾರೆ. ಪ್ರಣೀತಾ, ಕಾಕಾನ ಉಂಗುರ ಅರ್ಧಕ್ಕೆ ನಿಂತು 'ಕೂಗಿ ಕರೆಯಿರಿ' ಎಂದದ್ದನ್ನು ಅವರ ಜೊತೆ ನಿಂತು ನೋಡಿದವಳು. ಈಗ ಬೇರೆ ಕಂಪನಿಯಲ್ಲಿದ್ದಾಳೆ, ಅದೇ ರಸ್ತೆಯಲ್ಲಿ. ಯಾದಮ್ಮ, ಆ ಬುಧವಾರದ ಟಿಕ್ಕನ್ನು ನನಗಿಂತ ಮೊದಲು ಕಂಡವರು. ಅದೇ ಕಟ್ಟಡದಲ್ಲಿ ಬೆಳಗಿನ ಪಾಳಿ ಮಾಡುತ್ತಾರೆ. ಸಲೀಂ ಭಾಯಿ, ನಾನು ಓಡಿ ಬಂದದ್ದನ್ನು ಕಂಡವರು, ಅದಕ್ಕೆ ಮೊದಲು ಯಾರೂ ಕೂಗಲಿಲ್ಲ ಎಂದು ಹೇಳಬಲ್ಲವರು. ಕೆಲಸ ಬಿಟ್ಟು ಮಗಳ ಮನೆಯಲ್ಲಿದ್ದಾರೆ, ಆರೋಗ್ಯವಾಗಿದ್ದಾರೆ. ಕೇಳಿದರೆ ಮೂವರೂ ಹೇಳುತ್ತಾರೆ.

'ಆಯ್ತು ಕಾಕಾ' ಎಂದಾಗ ಅಲ್ಲಿದ್ದವರು ಇಬ್ಬರು. ಅವರಲ್ಲಿ ಉಳಿದಿರುವವನು ನಾನೊಬ್ಬ.